ಶೆಡ್ಡಿನ ಬುನಾದಿ ಮ್ಯಾಲ ಕುಂತವರು

ತೊಂಬತ್ತರ ದಶಕದ ಮಾತು. ಇಂಡಿ ಹತ್ರ ನಮ್ಮ ಲಿಂಬಿ ತ್ವಾಟದಾಗ, ಬೇವಿನ ಗಿಡದ ಬಾಜು, ಸಲಿಕಿ-ಗುದ್ಲಿ ಇಡಾಕ ಒಂದು ಶೆಡ್ಡು ಕಟ್ಟಸಾಕತ್ತಿದ್ನಿ. ನಮ್ಮ ಎರಿ ಮಣ್ಣು ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ. ಅದನ್ನ ನಂಬಿ ಏನೂ ಕಟ್ಟಾಕ ಬರೂದಿಲ್ಲ. ಅದಕ್ಕ ಗಟ್ಟಿ ನೆಲ ಸಿಗೂತನಕ ಅಗಿಸಿ, ಗರಸು ತುಂಬಿ ಬಡಿಸಿ, ಮ್ಯಾಲ ಫರಸಿ ಕಲ್ಲು ಹಾಸಿಸಿದ್ನಿ.

ಮರುದಿನ ಗ್ವಾಡಿ ಕಟ್ಟಾಕ ಗೌಂಡಿನ್ನ ಕರಕೊಂಡು ಹೋದ್ರ, ಗುರುತಿಲ್ಲದ ಒಬ್ಬ ಕುರಿ ಕಾಯೋ ಮುದುಕ ಅದರ ಮ್ಯಾಲ ಕಂಬಳಿ ಹಾಸಿ, ಬುತ್ತಿ ಬಿಚ್ಚಿ ಕುಂತಿದ್ದ.

"ಕಟ್ಟಿ ಭಾಳ ಛಲೋ ಆಗೇತ್ರಿ," ಅಂದ.

"ಇದು ಕಟ್ಟಿ ಅಲ್ಲಪಾ, ಶೆಡ್ಡಿನ ಬುನಾದಿ. ಇವತ್ತ ಗ್ವಾಡಿ ಎಬ್ಬಸ್ತೇವಿ."

ಅಂವ ರೊಟ್ಟಿ ಮುರಿಯೂದು ನಿಲ್ಲಿಸಿ ನನ್ನ ಮಾರಿ ನೋಡಿದ. "ಇಂಥಾ ನೆರಳಿನಾಗ ಸಲಿಕಿ ಒಳಗಿಟ್ಟು, ಮಂದಿನ್ನ ಹೊರಗ ನಿಲ್ಲಸ್ತೀರೇನ್ರಿ?"

ಗೌಂಡಿ ನಕ್ಕೋತ ಅವನ ಬಾಜು ಕುಂತ. ಮುದುಕ ಇಬ್ಬರ ಕೈಯಾಗೂ ರೊಟ್ಟಿ, ಶೇಂಗಾ ಹಿಂಡಿ ಇಟ್ಟ. ನಾನೂ ಕುಂತ್ನಿ. ಸಂಜಿಕ್ಕ ಮಗ್ಗಲ ತ್ವಾಟದವರೂ ಬಂದು ಕುಂತ್ರು. ಗ್ವಾಡಿ ಅವತ್ತು ಏಳಲಿಲ್ಲ, ಆಮ್ಯಾಲೂ ಏಳಲಿಲ್ಲ. ಆ ಮುದುಕ ಮಾತ್ರ ಮತ್ತ ಈ ಕಡೆ ಬರಲೇ ಇಲ್ಲ.

ಸಲಿಕಿ-ಗುದ್ಲಿ ಇವತ್ತಿಗೂ ನಮ್ಮ ಅಡಗಿಮನಿ ಮೂಲ್ಯಾಗ ಅದಾವು. ಅದಕ್ಕಂತ ನನ್ನ ಬೈಯಾಕ ಹೆಂಡತಿ ತ್ವಾಟಕ್ಕ ಬರ್ತಾಳ. ಬಂದು, ಅದ ಕಟ್ಟಿ ಮ್ಯಾಲ ಆರಾಮ ಕುಂತು ಬೈತಾಳ.