ವಾಸನೆ ಕುಡಿದ ಅಚ್ಚು

ಬೆಳಗ್ಗೆ ಒಲೆ ಹಚ್ಚುವ ಮೊದಲು ಕೇಕಕ್ಕ ವೆನಿಲಾ ಶೀಶೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಉಸಿರು ಒಳಗೆಳೆದುಕೊಳ್ಳುವಳು. ಆ ಕೆಟ್ಟ ಜ್ವರ ಬಂದುಹೋಗಿ ವರ್ಷದ ಮೇಲಾಯಿತು, ಇದು ಒಂದು ದಿನವೂ ತಪ್ಪಿಲ್ಲ. ಒಳಗೆ ಬರುವುದು ಬರೀ ತಣ್ಣನೆಯ ಗಾಳಿ. ‘ಆಗಲಿ ದೇವರೇ, ನಾಳೆ ನೋಡೋಣ’ ಎಂದುಕೊಂಡು ಕೆಲಸಕ್ಕೆ ನಿಲ್ಲುವಳು.

ಅವಳ ಮೂಗಿಗೆ ವಾಸನೆ ಹತ್ತುವುದಿಲ್ಲ ಎಂಬುದು ಅವಳನ್ನೂ ದೇವರನ್ನೂ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಅಂಥವಳ ಕೈಯ ಕೇಕನ್ನು ಯಾರು ನಂಬಿ ಕೊಳ್ಳುತ್ತಾರೆ? ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಈ ಎರಡು ಕೋಣೆಯ ಬೇಕರಿಯೇ ಅವಳನ್ನು ತಲೆಯೆತ್ತಿ ನಿಲ್ಲಿಸಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ಮೂಗಿನ ಕೆಲಸವನ್ನು ಕಣ್ಣಿಗೂ ಬೆರಳಿಗೂ ಹಂಚಿಕೊಟ್ಟಳು. ಮೊಟ್ಟೆ ನೀರಿನಲ್ಲಿ ತೇಲಿದರೆ ಹಾಳು. ಕೇಕಿನ ಅಂಚು ಜೇನಿನ ಬಣ್ಣಕ್ಕೆ ತಿರುಗಿದರೆ ಬೆಂದಂತೆ. ಒಲೆಯ ಗಾಜಿನ ಮುಂದೆ ಕೂತು ಉಬ್ಬುವ ಹಿಟ್ಟನ್ನು ನೋಡುತ್ತಿದ್ದರೆ, ಮರೆತ ವಾಸನೆಗಳು ಒಮ್ಮೊಮ್ಮೆ ಬಣ್ಣಗಳಾಗಿ ಬಂದು ಅವಳನ್ನು ಮುಟ್ಟಿ ಹೋಗುತ್ತಿದ್ದವು. ಬೆಣ್ಣೆಯದು ಎಳೆಬಿಸಿಲು. ಚಕ್ಕೆಯದು ಸಂಜೆಯ ಮಣ್ಣಿನ ಗೋಡೆ.

ಒಂದು ದಿನ ಸೊಸೆ ಚೀಲ ತುಂಬ ಕೇಕು ಬೇಯಿಸುವ ನೀಲಿ ಅಚ್ಚುಗಳನ್ನು ತಂದು ಮೇಜಿನ ಮೇಲೆ ಸುರಿದಳು.

“ಅತ್ತೆ, ಆ ತಗಡಿನ ಅಚ್ಚು ಎತ್ತಿ ಎತ್ತಿ ಮಣಿಕಟ್ಟು ನೋಯಿಸ್ಕೊಂಡಿದ್ದು ಸಾಕು. ಇವು ಸಿಲಿಕೋನ್.”

“ರಬ್ಬರ್ ಚಪ್ಪಲಿ ಥರ ಇದೆಯಲ್ಲೇ! ಒಲೇಲಿ ಕರಗಲ್ವಾ?”

“ಕರಗಲ್ಲ. ತಿರುಚಿ ನೋಡಿ. ಬಿಳಿ ಗೆರೆ ಬಂದ್ರೆ ಕಲಬೆರಕೆ ಅಂತೆ. ಇದರಲ್ಲಿ ಇಲ್ಲ.”

ಮಲಗಿದ ಮಗುವಿನ ಕಿವಿಯಷ್ಟು ಮೆತ್ತಗಿದ್ದವು. ಹಿಟ್ಟು ತುಂಬಿ ಎತ್ತಿದರೆ ಹೊಟ್ಟೆ ಬಿಟ್ಟುಕೊಂಡು ಬಳುಕುತ್ತಿದ್ದವು, ಅಡಿಯಲ್ಲೊಂದು ತಟ್ಟೆ ಬೇಕೇಬೇಕು. ಕೇಕಿನ ಅಂಚು ಬಿಳಿಚಿಕೊಂಡೇ ಉಳಿಯುತ್ತಿತ್ತು, ಕಡ್ಡಿ ಚುಚ್ಚಿಯೇ ಬೆಂದದ್ದನ್ನು ತಿಳಿಯಬೇಕು. ಆದರೆ ಬೆಣ್ಣೆ ಸವರುವ ಗೋಜಿಲ್ಲ, ಕೆಳಗೆ ಬಿದ್ದರೆ ನೆಗ್ಗುವುದಿಲ್ಲ. ಆರಿದ ಮೇಲೆ ಅಂಚು ಹಿಡಿದು ಮಗುಚಿದರೆ ಕೇಕು ನಿದ್ದೆಯಿಂದ ಎದ್ದ ಹಾಗೆ ತಾನಾಗಿ ಜಾರಿ ಬರುತ್ತಿತ್ತು. ಮಣಿಕಟ್ಟಿನ ನೋವು ಹದಿನೈದು ದಿನದಲ್ಲಿ ಅರ್ಧವಾಯಿತು.

ಪಕ್ಕದ ಅಂಗಡಿಯ ಟೈಲರಮ್ಮ ತನ್ನ ತಾಯಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಕೇಕು ಹೇಳಿದ್ದಳು. ಆ ಕೇಕಿಗೆ ಬಳಸಿದ ನೀಲಿ ಅಚ್ಚಿನಲ್ಲೇ ಕೇಕಕ್ಕ ಹಿಂದಿನ ಸಂಜೆ ಬೆಳ್ಳುಳ್ಳಿ ಬನ್ನು ಬೇಯಿಸಿದ್ದಳು. ತಗಡನ್ನು ಉಜ್ಜುವ ಹಾಗೆಯೇ ಉಜ್ಜಿ ತೊಳೆದು, ಬೆಳಕಿಗೆ ಹಿಡಿದು ನೋಡಿದ್ದಳು. ಕಣ್ಣಿಗೆ ಕನ್ನಡಿಯಂತೆ ಕಂಡಿತ್ತು.

ಹುಟ್ಟುಹಬ್ಬದ ಮಾರನೆಯ ದಿನ ಟೈಲರಮ್ಮ ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು.

“ಕೇಕಕ್ಕಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ.”

“ಬೆಂದಿರ್ಲಿಲ್ವಾ?”

“ಬೆಂದಿತ್ತು, ಹತ್ತಿ ಥರ ಇತ್ತು. ಆದ್ರೆ ಬೆಳ್ಳುಳ್ಳಿ! ನೆಂಟರೆಲ್ಲ ಮುಖ ಮುಖ ನೋಡ್ಕೊಂಡ್ರು. ನಮ್ಮಮ್ಮ ಒಬ್ಬಳೇ ಎರಡು ತುಂಡು ತಿಂದು, ಎಂಬತ್ತು ವರ್ಷದಲ್ಲಿ ಇಂಥ ಕೇಕು ತಿಂದೇ ಇರ್ಲಿಲ್ಲ ಅಂದ್ಲು.”

ಕೇಕಕ್ಕ ನಗಲಿಲ್ಲ. ಅಚ್ಚನ್ನು ಎತ್ತಿ ಮೂಗಿಗೆ ಹಿಡಿದಳು. ಏನೂ ಇಲ್ಲ. ಟೈಲರಮ್ಮ ಅದನ್ನು ಕಿತ್ತುಕೊಂಡು ಮೂಸಿದಳು.

“ಅಯ್ಯಯ್ಯೋ, ಗಂ ಅಂತಿದೆ! ಎಣ್ಣೆ ಜೊತೆ ವಾಸನೇನೂ ಕುಡಿದುಬಿಟ್ಟಿದೆ. ನಿಮಗೆ ಬರ್ತಿಲ್ವಾ?”

ನೆಗಡಿ ಎಂಬ ಸುಳ್ಳು ನಾಲಗೆಯ ತುದಿಗೆ ಬಂತು. ಒಂದು ಗಳಿಗೆ ಅಲ್ಲೇ ಕೂತಿತ್ತು. ಕೇಕಕ್ಕ ಅದನ್ನು ನುಂಗಿಕೊಂಡಳು.

“ಬರಲ್ಲಮ್ಮ. ವರ್ಷದ ಮೇಲಾಯ್ತು. ಯಾವುದೂ ಬರಲ್ಲ.”

ಟೈಲರಮ್ಮ ಅಚ್ಚನ್ನು ಅವಳ ಕೈಗೆ ಮರಳಿಸಿದಳು. ಕಾಯಿಸಿದರೆ ವಾಸನೆ ಹೋದೀತೆಂದು ಕೇಕಕ್ಕ ಖಾಲಿ ಅಚ್ಚನ್ನು ಬಿಸಿ ಒಲೆಯೊಳಗಿಟ್ಟಳು. ಅರ್ಧ ಗಂಟೆ ಇಬ್ಬರೂ ಗಾಜಿನೊಳಗಿನ ಆ ನೀಲಿಯನ್ನೇ ನೋಡುತ್ತ ಕೂತರು. ಹೊರತೆಗೆದು ಆರಿದ ಮೇಲೆ ಟೈಲರಮ್ಮ ಮತ್ತೆ ಮೂಸಿದಳು.

“ಮುಕ್ಕಾಲು ಪಾಲು ಹೋಯ್ತು.”

“ಹಾಗಾದ್ರೆ ಇದು ಬನ್ನಿಗೇ ಇರ್ಲಿ. ಸಿಹಿಗೆ ಬೇರೆ ಅಚ್ಚುಗಳಿವೆ. ಅಮ್ಮನಿಗೆ ನಾಳೆ ಇನ್ನೊಂದು ಕೇಕು ಕಳಿಸ್ತೀನಿ.”

ಟೈಲರಮ್ಮ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. “ಕೇಕಕ್ಕಾ, ಇದು ನಮ್ಮಿಬ್ಬರಲ್ಲೇ ಇರ್ಲಿ. ಅಂಗಡಿ ತೆಗೆಯೋ ಮುಂಚೆ ದಿನಾ ಬಂದು ಎಲ್ಲಾ ಮೂಸಿ ಹೋಗ್ತೀನಿ. ಒಂದು ನೊಣಕ್ಕೂ ಗೊತ್ತಾಗಲ್ಲ. ಈ ಮೂಗಿಗೆ ಬೇರೇನು ಕೆಲಸ?”

ಕೇಕಕ್ಕನ ಕಣ್ಣು ತುಂಬಿತು. ಇಷ್ಟು ದಿನ ಅವಳು ಬೇಡಿಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ, ಯಾರಿಗೂ ಗೊತ್ತಾಗದಿರಲಿ ಎಂದು. ಟೈಲರಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬೇಡಮ್ಮ. ನೀವು ಕದ್ದು ಬರೋದೂ ಬೇಡ, ನಾನು ಬಚ್ಚಿಡೋದೂ ಬೇಡ. ಕೊಳ್ಳೋಕೆ ಬಂದೋರಿಗೆಲ್ಲ ಇವತ್ತಿಂದ ನಾನೇ ಹೇಳ್ತೀನಿ, ನನಗೆ ವಾಸನೆ ಬರಲ್ಲ, ಮೂಸಿ ನೋಡಿ ತಗೊಳ್ಳಿ ಅಂತ. ಬಿಡೋರು ಬಿಡ್ಲಿ.”