ಶಬ್ಬತ್ ದಿನ ತಾನಾಗೇ ಹಾಡಿದ ಟೇಪು

ಅಮ್ನೋನ್ ಹೆರ್ಷ್ಕೋವ್ ದೇವರ ದಾರಿಗೆ ಬಂದದ್ದು ಫ್ರಿಜ್ಜಿನ ಬಲ್ಬಿನಿಂದ. ನಗಬೇಡಿ, ನಿಜವಾಗಿಯೂ ಹಾಗೇ ಆದದ್ದು. ಹೈಫಾದಲ್ಲಿ ಅವನಿಗೆ ಹಗಲು ಫ್ರಿಜ್ ರಿಪೇರಿ, ಸಂಜೆಯಾದರೆ ಬಂದರಿನ ಬಾರುಗಳಲ್ಲಿ ಗಿಟಾರು. ಒಂದು ದಿನ ಧರ್ಮಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು ಕರೆಸಿ, "ಇದರೊಳಗಿನ ಬಲ್ಬು ಕಿತ್ತುಬಿಡಪ್ಪಾ, ಶಬ್ಬತ್ ದಿನ ಬಾಗಿಲು ತೆಗೆದ್ರೆ ದೀಪ ಹತ್ಕೊಳ್ಳುತ್ತೆ" ಅಂದರು. ಶಬ್ಬತ್ ಅಂದರೆ ಯೆಹೂದ್ಯರ ಶನಿವಾರದ ವಿಶ್ರಾಂತಿ, ಅವತ್ತು ದೀಪ ಹತ್ತಿಸುವಂತಿಲ್ಲ, ಆರಿಸುವಂತಿಲ್ಲ.

"ಹತ್ಕೊಂಡ್ರೆ ನಿಮ್ಮ ಗಂಟೇನ್ ಹೋಗುತ್ತೆ ಸ್ವಾಮಿ?" ಅಂದ ಅಮ್ನೋನ್. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಕೂರಿಸಿ, ಚಹಾ ಕೊಟ್ಟು, ಹೇಳಲು ಶುರು ಮಾಡಿದರು. ಬಲ್ಬು ಕೀಳಲು ಎರಡು ನಿಮಿಷ ಹಿಡಿಯಿತು. ಆ ಮಾತು ಮುಗಿಯಲು ಎರಡು ವರ್ಷ ಹಿಡಿಯಿತು.

ಶನಿವಾರದ ಸಮುದ್ರಸ್ನಾನ ಬಿಟ್ಟ, ಸಿಕ್ಕಸಿಕ್ಕಲ್ಲಿ ಉಣ್ಣುವುದನ್ನು ಬಿಟ್ಟ, ಗಡ್ಡ ಬಿಟ್ಟ. ಯಾವುದೂ ಅಷ್ಟು ಕಷ್ಟ ಅನ್ನಿಸಲಿಲ್ಲ. ಕಷ್ಟವಾದದ್ದು ಸಂಗೀತ. ಹೊಸ ಬಳಗದ ಮದುವೆಗಳಲ್ಲಿ ಕೀಬೋರ್ಡಿನವನೊಬ್ಬ ಕಿವಿ ಹರಿಯುವಂತೆ ಬಾರಿಸುತ್ತಿದ್ದ, ಎಲ್ಲರೂ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಅಮ್ನೋನನೂ ಕುಣಿಯುತ್ತಿದ್ದ, ಹಲ್ಲು ಕಚ್ಚಿಕೊಂಡು. "ದೇವರೇ, ನಿನ್ನ ಕಟ್ಟಳೆಯೆಲ್ಲ ತಲೆ ಮೇಲಿಟ್ಟುಕೊಂಡಿದ್ದೀನಿ, ಈ ಕೀಬೋರ್ಡಿನಿಂದೊಂದು ಪಾರುಮಾಡಪ್ಪಾ" ಎಂದು ಪ್ರಾರ್ಥಿಸುತ್ತಿದ್ದನಂತೆ.

ಹಳೆಯ ರೆಕಾರ್ಡು, ಕ್ಯಾಸೆಟ್ಟುಗಳನ್ನೆಲ್ಲ ಮೂಟೆ ಕಟ್ಟಿ ಕಸಕ್ಕೆ ಹಾಕಿದವಳು ಹೆಂಡತಿ ತಿರ್ಜಾ. ಅವಳೇ ಆ ಬಾರುಗಳಲ್ಲಿ ಹಾಡುತ್ತಿದ್ದವಳು. ಹೆಂಗಸಿನ ಹಾಡು ಪರಗಂಡಸರ ಕಿವಿಗೆ ಬೀಳಬಾರದು ಎಂದು ಗೊತ್ತಾದ ದಿನವೇ ಬಾಯಿ ಮುಚ್ಚಿದಳು. ಗಂಡ ಕೇಳಬಹುದಿತ್ತು, ಹೆಂಗಸರು ಕೇಳಬಹುದಿತ್ತು. ಅವಳು ಅಡುಗೆಮನೆಯಲ್ಲಿ ಸಹ ಗುನುಗಲಿಲ್ಲ. ಹೊಸದಾಗಿ ಬಂದವರ ಹುರುಪೇ ಹಾಗೆ, ಒಂದು ಅಡಿ ಬಿಡು ಅಂದರೆ ಹತ್ತು ಅಡಿ ಬಿಡುತ್ತಾರೆ. ಅಮ್ನೋನ್ ಮಾತ್ರ ಆ ಮೂಟೆಯಿಂದ ಒಂದು ಕ್ಯಾಸೆಟ್ಟು ಎಗರಿಸಿ, ರಿಪೇರಿ ಸಾಮಾನಿನ ಡಬ್ಬದ ತಳದಲ್ಲಿಟ್ಟ. ಅದರಲ್ಲಿ ಇಪ್ಪತ್ತೆರಡರ ತಿರ್ಜಾ ಹಾಡಿದ್ದಳು. ಅವಳು ಮನೆಯಲ್ಲಿಲ್ಲದಾಗ ವರ್ಷಕ್ಕೆ ನಾಲ್ಕೈದು ಸಲ ಕೇಳಿಕೊಳ್ಳುತ್ತಿದ್ದ.

ಹತ್ತೊಂಬತ್ತು ವರ್ಷ ಕಳೆಯಿತು. ಈಗ ಮನೆ ಜೆರುಸಲೇಮಿನ ಹರ್ ನೋಫ್ ಗುಡ್ಡದ ಮೇಲೆ, ನಾಲ್ಕನೇ ಮಹಡಿ. ಒಬ್ಬಳೇ ಮಗಳು ಎಮುನಾಗೆ ಹದಿನೆಂಟು ತುಂಬಿತ್ತು. ಹುಡುಗಿ ಚಿನ್ನದಂಥವಳು, ಆದರೆ ಅಪ್ಪ ಅಮ್ಮ "ಆಮೇಲೆ ಬಂದವರು", ಹುಟ್ಟಿನಿಂದ ಕಟ್ಟಳೆಯವರಲ್ಲ. ಎರಡು ಸಂಬಂಧ ಅಷ್ಟಕ್ಕೇ ಮುರಿದಿದ್ದವು. ಮೂರನೆಯದು ಲಂದೌ ಮನೆತನ, ಏಳು ತಲೆಮಾರಿನಿಂದ ಕಟ್ಟಳೆ ತಪ್ಪದ ಮನೆ. ಹುಡುಗ ಹುಡುಗಿ ನಾಲ್ಕು ಸಲ ಭೇಟಿಯಾಗಿ ಒಪ್ಪಿದ್ದರು. ಶಬ್ಬತ್ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹುಡುಗನ ತಂದೆ ತಾಯಿ ಬಂದು ಮನೆ ನೋಡಿ ಹೋಗುವುದೊಂದು ಬಾಕಿ. ಇದೂ ತಪ್ಪಿದರೆ ಎಮುನಾಳ ಹೆಸರು ಕೆಟ್ಟಂತೆಯೇ ಎಂದು ಮದುವೆ ದಲ್ಲಾಳಿ ಹೆಂಗಸು ಮುಖಕ್ಕೆ ಹೊಡೆದ ಹಾಗೆ ಹೇಳಿಹೋಗಿದ್ದಳು.

ಶುಕ್ರವಾರ ಮಧ್ಯಾಹ್ನ ತಾಯಿ ಮಗಳು ಬೇಕರಿಗೆ ಹೋದರು. ಅಮ್ನೋನನಿಗೆ ನಾಳೆಯದೇ ಚಿಂತೆ. ಸಮಾಧಾನಕ್ಕೆಂದು ಕ್ಯಾಸೆಟ್ಟು ತೆಗೆದು, ಬಾಲ್ಕನಿಯ ಟೇಪ್ ರೆಕಾರ್ಡರಿಗೆ ಹಾಕಿ, ಸ್ನಾನದ ಮನೆಗೂ ಕೇಳಲೆಂದು ಸದ್ದು ಪೂರ್ತಿ ಏರಿಸಿ, ನೀರು ಹುಯ್ದುಕೊಂಡ. ಆಮೇಲೆ ಗಡಿಬಿಡಿ. ಅತಿಥಿಗಳಿಗೆ ಸೆಕೆಯಾಗದಿರಲೆಂದು ಫ್ಯಾನನ್ನು ಶಬ್ಬತ್ ಗಡಿಯಾರಕ್ಕೆ ಸಿಕ್ಕಿಸಿದ. ನಾಳೆ ಹನ್ನೊಂದಕ್ಕೆ ತಾನಾಗಿ ಕರೆಂಟು ಬಿಡುವ ಗಡಿಯಾರ ಅದು. ಸಿಕ್ಕಿಸಿದ್ದೇ ತಡ, ಹಾಡು ನಿಂತಿತು. ನಿಲ್ಲಿಸಿದೆನೇನೋ ಅಂದುಕೊಂಡ ಪುಣ್ಯಾತ್ಮ. ಟೇಪಿಗೂ ಫ್ಯಾನಿಗೂ ಒಂದೇ ಎಕ್ಸ್‌ಟೆನ್ಷನ್ ವೈರು, ಆ ವೈರೇ ಈಗ ಗಡಿಯಾರಕ್ಕೆ ಸಿಕ್ಕಿತ್ತು, ಟೇಪಿನ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇತ್ತು. ಇಪ್ಪತ್ತೈದು ವರ್ಷದ ಕರೆಂಟಿನ ಕೆಲಸಗಾರ ಇವನು!

ಮರುದಿನ ಗೆದಾಲ್ಯಾ ಲಂದೌ ಮತ್ತು ಅವರ ಹೆಂಡತಿ ಪೇಸಾ ಬಂದು ಕೂತರು. ದ್ರಾಕ್ಷಾರಸದ ಮೇಲೆ ಮಂತ್ರ ಹೇಳಿದ್ದಾಯಿತು, ಮೀನು ಬಂತು. ಪೇಸಾ ದಪ್ಪಗೆ, ನಗುಮುಖದವರು. "ಮೀನು ನೀನೇ ಮಾಡಿದ್ದಾ ಮಗಳೇ? ಸಕ್ಕರೆ ಸ್ವಲ್ಪ ಕಮ್ಮಿ. ಇರ್ಲಿ, ಕಲಿಸ್ತೀನಿ" ಅಂದರು. ತಿರ್ಜಾಳ ಮುಖ ಅರಳಿತು. ಕಲಿಸ್ತೀನಿ ಅಂದರೆ ಅರ್ಧ ಒಪ್ಪಿದ ಹಾಗೆ.

ಹನ್ನೊಂದು ಹೊಡೆಯಿತು. ಫ್ಯಾನು ತಿರುಗಿತು. ಅದರ ಹಿಂದೆಯೇ ಬಾಲ್ಕನಿಯಿಂದ ಹೆಣ್ಣುದನಿಯೊಂದು ಮನೆ ತುಂಬ ಎದ್ದಿತು.

ಅಮ್ನೋನನ ಕೈಯ ಮುಳ್ಳುಚಮಚ ತಟ್ಟೆಗೆ ಬಿತ್ತು. ತಿರ್ಜಾ ಬಿಳಿಚಿಕೊಂಡಳು. ಯಾರೂ ಎದ್ದು ಆರಿಸುವಂತಿಲ್ಲ. ಶಬ್ಬತ್! ಕಿತ್ತುಹಾಕುವುದಿರಲಿ, ಗುಂಡಿಗೆ ಬೆರಳು ತಾಗಿಸುವಂತಿಲ್ಲ. ಎಮುನಾ ಓಡಿ ಬಾಲ್ಕನಿಯ ಬಾಗಿಲು ಎಳೆದಳು. ಬಾಗಿಲೋ, ಬರೀ ಪಟ್ಟಿಯದು. ಹಾಡು ಸಂದಿಯಲ್ಲೆಲ್ಲ ನುಗ್ಗಿತು.

ಗೆದಾಲ್ಯಾ ಕಣ್ಣು ಮುಚ್ಚಿ, ಮೇಜು ಕುಟ್ಟುತ್ತ, ಶಬ್ಬತ್ ಹಾಡೊಂದನ್ನು ಗಟ್ಟಿಯಾಗಿ ಎತ್ತಿಕೊಂಡರು. ಪಾಪ, ಹೆಣ್ಣುದನಿ ಕಿವಿಗೆ ಬೀಳದಿರಲಿ ಎಂದು. ಅವರಿಗೆ ಶ್ರುತಿ ಅನ್ನುವುದು ಹುಟ್ಟಾ ಇರಲಿಲ್ಲ. ಒಂದು ಕಡೆ ಆ ಕಂಠ, ಇನ್ನೊಂದು ಕಡೆ ಈ ಕಂಠ, ನಡುವೆ ಅಮ್ನೋನ್. ನಾಚಿಕೆಯಿಂದ ಸಾಯುತ್ತಿದ್ದರೂ ಅವನ ಕಿವಿ ಮಾತ್ರ ಬಾಲ್ಕನಿಯ ಕಡೆಗೇ ಇತ್ತು.

ಎರಡು ಚರಣವಾದ ಮೇಲೆ ಗೆದಾಲ್ಯಾ ಸೋತು ನಿಲ್ಲಿಸಿದರು. "ಯಾರ್ರೀ ಆ ಹೆಂಗಸು?"

ನನ್ನ ಹೆಂಡತಿ ಅಂದರೆ ಅವಳ ಮಾನ ಹೋಗುತ್ತದೆ, ಬಾರಿನ ಹಾಡುಗಾರ್ತಿಯ ಮಗಳು ಎಂದು ಎಮುನಾಳ ಹಣೆಗೆ ಅಂಟುತ್ತದೆ. ಅಮ್ನೋನ್ ಅಂದ, "ಯಾರೋ ಗೊತ್ತಿಲ್ಲ, ಗೆದಾಲ್ಯಾರೇ. ನನ್ನ ಹಳೇ ಚಟ. ತಪ್ಪು ನಂದೊಬ್ಬಂದೇ."

"ಅಂದ್ರೆ ಯಾರೋ ಹೊರಗಿನ ಹೆಂಗಸಿನ ಹಾಡು, ಕದ್ದು ಕೇಳ್ತೀರಿ. ಇಂಥವರ ಮನೆಗೆ ನನ್ನ ಮಗನ್ನ ಕೊಡ್ಲಾ?" ಅವರು ಹ್ಯಾಟು ತೆಗೆದುಕೊಂಡು ಎದ್ದೇಬಿಟ್ಟರು. ಎಮುನಾ ಗೋಡೆಗೆ ಒರಗಿದಳು.

"ಸುಳ್ಳು ಹೇಳ್ತಿದ್ದಾನೆ. ಅದು ನಾನು" ಅಂದಳು ತಿರ್ಜಾ.

ಎದುರಿಗೇ ಇದ್ದವಳ ಹಾಡೆಂದು ತಿಳಿದದ್ದೇ ಗೆದಾಲ್ಯಾ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಮೆಟ್ಟಿಲಿಗೆ ಓಡಿದರು. ಅತಿಥಿಯನ್ನು ಒಂಟಿಯಾಗಿ ಬಿಡಬಾರದೆಂದು ಅಮ್ನೋನನೂ ಹಿಂದೆಯೇ ಹೋಗಿ ಬಾಗಿಲೆಳೆದುಕೊಂಡ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಗೆದಾಲ್ಯಾ ಕಿವಿ ಬಿಡದೆಯೇ ಕಿರುಚಿದರು, "ಶಬ್ಬತ್ ದಿನ ಸುಳ್ಳು ಹೇಳಿದ್ರಲ್ರೀ!"

"ಹೇಳ್ದೆ" ಅಂತ ಅಮ್ನೋನ್ ತಲೆಯಾಡಿಸಿದ.

"ಹೆಂಡತಿ ಹೆಸರು ಉಳಿಸೋಕೆ!"

ಅಮ್ನೋನ್ ಮತ್ತೆ ತಲೆಯಾಡಿಸಿದ. "ನಂಗೇನೂ ತೋಚ್ತಿಲ್ಲ. ಪೇಸಾ ಏನಂತಾಳೋ ಅದೇ" ಅಂದು ಗೆದಾಲ್ಯಾ ಗೋಡೆ ಕಡೆ ತಿರುಗಿದರು.

ಒಳಗೆ ಟೇಪು ಮುಗಿದು ಟಕ್ಕೆಂದಿತು. ಎಮುನಾ ಅಳುತ್ತ ಕೂಗಾಡುವುದು ಕೇಳಿಸಿತು. "ಇಷ್ಟು ಚೆನ್ನಾಗಿ ಹಾಡ್ತಿದ್ದೆ, ನಂಗೆ ಒಂದು ಜೋಗುಳಾನೂ ಹಾಡ್ಲಿಲ್ವಲ್ಲಮ್ಮಾ! ಒಂದೇ ಒಂದು!"

"ಶುರು ಮಾಡಿದ್ರೆ ನಿಲ್ಸಕ್ಕಾಗಲ್ಲ ಅಂತ ಭಯ ಕಣೇ" ಅಂದಳು ತಿರ್ಜಾ.

"ಮಗಳ ಮುಂದೆ ಹಾಡ್ಬೇಡ ಅಂತ ಯಾರಮ್ಮಾ ಹೇಳಿದ್ದು ನಿಂಗೆ?" ಪೇಸಾ ರೇಗಿದ್ದರು. "ನಾನು ದಿನವೆಲ್ಲ ಪಾತ್ರೆ ತೊಳೀತಾ ಅರಚ್ತೀನಿ! ಮದುವೆ ದಿನ ಹೆಂಗಸರ ಕಡೆ ನೀನೇ ಹಾಡ್ಬೇಕು, ಹೇಳಿದೀನಿ. ಈಗ ಗಂಡಸರು ಆಚೆ ಇದ್ದಾರೆ. ಹೂಂ, ಎತ್ತು."

ಮದುವೆ ದಿನ ಅಂದರಾ? ಹಾಗಾದರೆ ಸಂಬಂಧ ಕೂಡಿದಂತೆಯೇ! ಅಮ್ನೋನನಿಗೆ ನಗು ಬಂತು, ಬಾಗಿಲಿಗೆ ಕಿವಿಯಿಟ್ಟ.

ತಿರ್ಜಾ ಎತ್ತಿದಳು. ಟೇಪಿನ ಆ ದನಿ ಇರಲಿಲ್ಲ. ಒರಟು, ಒಡಕು ಸದ್ದೊಂದು ಬಂತು. ಮೇಲೆ ಹೋಗಬೇಕಾದಲ್ಲಿ ಮುರಿದುಬಿತ್ತು. ಕೆಮ್ಮಿದಳು, ಮತ್ತೆ ಅಲ್ಲಿಂದಲೇ ಹಿಡಿದಳು. ಮತ್ತೆ ಮುರಿಯಿತು. ಹತ್ತೊಂಬತ್ತು ವರ್ಷ ತನ್ನ ಹತ್ತಿರ ಟೇಪು ಇತ್ತು, ಅವಳ ಹತ್ತಿರ ಏನೂ ಇರಲಿಲ್ಲ ಎಂಬುದು ಅಮ್ನೋನನಿಗೆ ಆಗ ಹೊಳೆಯಿತು. ನಗು ಎಲ್ಲೋ ಹೋಯಿತು. ಒಂದು ಸಲವಾದರೂ, ಹಾಡೇ ತಿರ್ಜಾ, ಅಂತ ಕೇಳಬಾರದಿತ್ತೇ ತಾನು? ಅವಳು ನಿಲ್ಲಿಸಲಿಲ್ಲ. ಮುರಿದ ದನಿಯಲ್ಲೇ ಮಗಳಿಗೆ ಹಾಡುತ್ತ ಹೋದಳು.

ಗೆದಾಲ್ಯಾರಿಗೆ ಕಿವಿಯಲ್ಲಿ ಬೆರಳಿಟ್ಟು ಕೈ ಸೋತಿತ್ತು. "ಮುಗೀತೇನ್ರೀ?" ಎಂದು ಕೂಗಿದರು.

ಅಮ್ನೋನ್ ಕಣ್ಣೊರೆಸಿಕೊಂಡು, ಇಲ್ಲ, ಇನ್ನೂ ಸ್ವಲ್ಪ ಇರಿ ಎಂದು ಕೈಮುಗಿದ.