ರೊಟ್ಟಿ ಬೇಡುವ ತಾಲಿಬ್

ಕಂದಹಾರದ ಹಳ್ಳಿಯ ಗುಲ್ದಾದನಿಗೆ ಗಡ್ಡ ನೆರೆತರೂ ಓದು ಮುಗಿದಿರಲಿಲ್ಲ. ಮಸೀದಿಯಲ್ಲಿ ಓದುತ್ತ ಮನೆಮನೆಯ ರೊಟ್ಟಿ ಬೇಡಿ ಉಣ್ಣುವವನೇ ಅಲ್ಲಿ ತಾಲಿಬ್, ಅಂದರೆ ವಿದ್ಯಾರ್ಥಿ. ಪಾಠ ಮರೆತಾನು, ಯಾರ ಮನೆಯ ತಂದೂರು ಯಾವಾಗ ಕಾಯುತ್ತದೆಂಬುದನ್ನು ಮರೆಯಲಾರ. ಸಂಜೆ "ತಾಲಿಬ್ ಬಂದಿದ್ದೀನಿ, ರೊಟ್ಟಿ!" ಎಂದು ಕೂಗಿದರೆ ಸ್ಪೋಗ್ಮೈ ಮುದುಕಿ, "ಬಂದ್ಯಾ ಹೊಟ್ಟೆಬಾಕ? ನಿನ್ನ ಓದು ಮುಗಿಯೋದ್ರೊಳಗೆ ನನ್ನ ಹಿಟ್ಟೇ ಮುಗಿಯುತ್ತೆ!" ಎಂದು ಬೈಯುತ್ತಲೇ ಕೊಡುತ್ತಿದ್ದಳು. ಆಮೇಲೆ ಅಂಥದೇ ಮಸೀದಿಗಳಲ್ಲಿ ಓದಿದವರು ಬಂದೂಕು ಹಿಡಿದರು, ಅದೇ ಹೆಸರಿಟ್ಟುಕೊಂಡು ದೇಶ ಆಳಿದರು, ಹೆಣ್ಣುಮಕ್ಕಳ ಶಾಲೆಗೆ ಬೀಗ ಜಡಿದರು. ಗುಲ್ದಾದ ಈಗಲೂ ಅದೇ ಕೂಗು ಹಾಕುತ್ತಾನೆ. ಒಳಗೆ ಮೊಮ್ಮಗಳ ಪುಸ್ತಕ ಬಚ್ಚಿಡುವ ಸದ್ದಾಗುತ್ತದೆ; ಮುದುಕಿ ತಲೆ ತಗ್ಗಿಸಿ ಬಂದು, ತುಪ್ಪ ಸವರಿದ ಬಿಸಿ ರೊಟ್ಟಿ ಹಿಡಿದು, "ತಗೊಳ್ಳಿ ಸಾಹೇಬ್ರೇ" ಎನ್ನುತ್ತಾಳೆ. "ಒಂದ್ಸಲ ಬೈಯಮ್ಮಾ" ಎಂದು ಅವನು ಅಂಗಲಾಚುತ್ತಾನೆ. ಅವಳು ಹೆದರಿ ಇನ್ನೊಂದು ರೊಟ್ಟಿ ಇಡುತ್ತಾಳೆ.